ಒಲೆಯ ಬದಿ, ಬಾಗಿಲ ಬದಿ

ಟಾರ್ಬೆಲ್ ಊರಿನ ಪೇದೆ ರಾಯ್ಸ್ ಲಾಮ್ಸನ್‌ಗೆ ತನ್ನ ಮನೆಯಿಂದ ಅಂಚೆ ಕಚೇರಿಗೆ ಹೋಗಲು ಎರಡು ದಾರಿಗಳಿದ್ದವು. ಒಂದು, ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವ ಆರ್ಫಾ ಟಟ್ಲಳ ಆಲೆಮನೆಯ ಪಶ್ಚಿಮದ ಗೋಡೆಯನ್ನು ಸವರಿಕೊಂಡು ನೇರವಾಗಿ ಹೋಗುವಂಥದು. ಇನ್ನೊಂದು, ಪೂರ್ವಕ್ಕೆ ಸ್ಮಶಾನವನ್ನು ಸುತ್ತಿ, ಗುಡ್ಡವೊಂದನ್ನು ಹತ್ತಿ ಇಳಿದು ಬರುವಂಥದು. ರಾಯ್ಸ್ ಅನೇಕ ವರ್ಷಗಳಿಂದ ಎರಡನೆಯದನ್ನೇ ಹಿಡಿಯುತ್ತಿದ್ದ. ಮೊಣಕಾಲು ಊದಿಕೊಂಡ ದಿನಗಳಲ್ಲೂ, ಹಿಮ ಸೊಂಟದವರೆಗೆ ಬಿದ್ದ ದಿನಗಳಲ್ಲೂ ಈ ನಿಯಮಕ್ಕೆ ಅಪವಾದವಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿದ್ದುದರಿಂದ ಯಾರೂ ಅದನ್ನು ಕೇಳುತ್ತಿರಲಿಲ್ಲ. ಆಲೆಮನೆಯ ಪಶ್ಚಿಮದ ಒತ್ತುಕೋಣೆಗೆ ಒಂದು ಕಿಟಕಿಯಿತ್ತು. ಕಿಟಕಿಯ ಹಿಂದೆ ಆರ್ಫಾಳ ಗಾಂಜಾ ಗಿಡಗಳಿದ್ದವು.

ರಾಯ್ಸ್ ಆ ಗಿಡಗಳನ್ನು ಒಮ್ಮೆಯೂ ಕಂಡವನಲ್ಲ. ಕಂಡಿದ್ದರೆ ಆರ್ಫಾಳನ್ನು ಹಿಡಿಯಬೇಕಾಗುತ್ತಿತ್ತು, ಏಕೆಂದರೆ ವರ್ಮಾಂಟ್ ರಾಜ್ಯದ ಕಾನೂನು ಆಗಿನ್ನೂ ಹಾಗೆಯೇ ಇತ್ತು. ಅವನ ಹೆಂಡತಿ ಮಾರ್ಜರಿಯ ಕೈಗಳು ಕೆಲವು ವರ್ಷಗಳಿಂದ ನಡುಗುತ್ತಿದ್ದವು. ವೈದ್ಯರ ಗುಳಿಗೆಗಳಿಂದ ನಡುಕ ನಿಲ್ಲದೆ ನಿದ್ದೆ ಮಾತ್ರ ಹೋಗಿತ್ತು. ಅಂಥ ಕಾಲದಲ್ಲಿ ಅವರ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಆಗಾಗ ಒಂದು ತಗಡಿನ ಡಬ್ಬಿ ಕಾಣಿಸಿಕೊಳ್ಳತೊಡಗಿತು. ರಾಯ್ಸ್ ಅದರ ಮುಚ್ಚಳವನ್ನು ಎಂದೂ ತೆಗೆಯಲಿಲ್ಲ. ಮಾರ್ಜರಿ ಮತ್ತೆ ಹೆಣಿಗೆ ಹಿಡಿದಳು. ರಾಯ್ಸ್ ಮತ್ತೆ ಗುಡ್ಡ ಹತ್ತಿದ.

ಈ ಏರ್ಪಾಡಿಗೆ ಒಂದೇ ಒಂದು ಅಪಾಯವಿತ್ತು. ರಾಯ್ಸ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಪ್ರಯತ್ನಿಸಿದರೆ ಅವನ ಕಿವಿಗಳು ಬೇಯಿಸಿದ ಬೀಟ್‌ರೂಟಿನಂತೆ ಕೆಂಪೇರುತ್ತಿದ್ದವು. ಯಾರಾದರೂ ಒಂದು ದಿನ ನೇರವಾಗಿ ಕೇಳಿಬಿಟ್ಟರೆ ಅವನು ಒಂದೋ ಆರ್ಫಾಳನ್ನು ಒಪ್ಪಿಸಬೇಕಿತ್ತು, ಇಲ್ಲವೇ ಊರಿನೆದುರು ತನ್ನ ಕಿವಿಗಳನ್ನು ಪ್ರದರ್ಶಿಸಬೇಕಿತ್ತು.

ಆ ದಿನ ಮಾರ್ಚ್ ತಿಂಗಳ ಮೊದಲ ಮಂಗಳವಾರವಾಗಿ ಬಂತು. ಅಂದರೆ ಊರಿನವರೆಲ್ಲ ವರ್ಷಕ್ಕೊಮ್ಮೆ ಸೇರಿ ಮತ ಹಾಕುವ ಊರಸಭೆಯ ದಿನ.

ಗಾಂಜಾ ಸೇದುವುದನ್ನು ಕಾನೂನುಬದ್ಧಗೊಳಿಸಬೇಕೇ ಎಂದು ನಿರ್ಧರಿಸಲು ರಾಜಧಾನಿ ಮಾಂಟ್‌ಪೀಲಿಯರ್‌ನ ಶಾಸಕರಿಗೆ ಆ ವರ್ಷ ಧೈರ್ಯ ಸಾಲದೆ ಹೋಗಿತ್ತು. ಆದ್ದರಿಂದ ಅವರು ರಾಜ್ಯದ ಎಲ್ಲರಿಂದ ಒಂದು ಸಲಹಾಮತ ಪಡೆಯುವ ಪ್ರಸ್ತಾವ ತಂದಿದ್ದರು. ಸಲಹಾಮತವೆಂದರೆ ಜನರನ್ನು ಕೇಳಲಾಗುತ್ತದೆ, ಜನರು ಹೇಳುತ್ತಾರೆ, ಆಮೇಲೆ ಅದನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಯಾರಿಗೂ ಇರುವುದಿಲ್ಲ. ನಮ್ಮ ಶಾಸಕ ವೆಂಡಲ್ ಕಾಬ್‌ಗೆ ಈ ಪ್ರಸ್ತಾವವನ್ನು ಬೆಂಬಲಿಸುವ ಧೈರ್ಯವೂ ಇರಲಿಲ್ಲ. ಹೀಗಾಗಿ ಅಂಥದೊಂದು ಸಲಹಾಮತ ನಡೆಸುವುದು ಸರಿಯೇ ಎಂಬ ಬಗ್ಗೆ ಊರು ತನಗೆ ಸಲಹೆ ಕೊಡಬೇಕೆಂದೂ, ಆ ಸಲಹೆಯೂ ತನ್ನನ್ನು ಕಟ್ಟಿಹಾಕಬಾರದೆಂದೂ ಅವನು ಕೋರಿಕೊಂಡ. ಈ ವಿಷಯವನ್ನು ಸಭೆಯ ಮುಂದಿಡಲು ಸಹಿ ಸಂಗ್ರಹಿಸಿದವಳು ಆರ್ಫಾ. ವಯಸ್ಸು ಎಪ್ಪತ್ತು ದಾಟಿದ ಅವಳಿಗೆ ಕದ್ದುಮುಚ್ಚಿ ಗಿಡ ಬೆಳೆಸಿ ಬೇಸರ ಬಂದಿತ್ತು. ಟೊಮೇಟೊ ಬೆಳೆಸಿದವರು ಸಂತೆಯಲ್ಲಿ ಬಹುಮಾನ ಪಡೆಯುವುದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಸಭೆ ನಡೆಸುವವಳು ಎಲ್ವಿರಾ ಗ್ರೌಟ್. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದ ಅವಳನ್ನು ಊರು ವರ್ಷ ವರ್ಷವೂ ಅಧ್ಯಕ್ಷೆಯಾಗಿ ಆರಿಸುತ್ತಿತ್ತು. ಅಧ್ಯಕ್ಷೆಗೆ ಅಭಿಪ್ರಾಯ ಇರಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ಎಲ್ವಿರಾ ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದಳೆಂದರೆ, ಹವಾಮಾನದ ಬಗ್ಗೆಯೂ ಏನೂ ಹೇಳುತ್ತಿರಲಿಲ್ಲ. ಚಳಿಗೆ ಅವಳು ಮಾರ್ಜರಿ ಹೆಣೆದುಕೊಟ್ಟ ಕೆಂಪು ಕೈಗವಸುಗಳನ್ನು ಧರಿಸಿಯೇ ಮರದ ಸುತ್ತಿಗೆ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು ನಡಾವಳಿ ಬರೆಯುವುದು ಊರಿನ ಗುಮಾಸ್ತೆಯಾದ ನನ್ನ ಕೆಲಸ.

ಸಭಾಭವನದ ಬಗ್ಗೆ ಒಂದು ಮಾತು ಅಗತ್ಯ. ಅದಕ್ಕೆ ಇರುವುದು ಒಂದೇ ಸೌದೆ ಒಲೆ, ಅದೂ ಪೂರ್ವದ ಗೋಡೆಗೆ ಒತ್ತಿಕೊಂಡು. ಹಳೆಯ ಮನೆತನದವರು ಅಜ್ಜನ ಕಾಲದಿಂದ ಒಲೆಯ ಬದಿಯಲ್ಲಿ ಕುಳಿತವರು. ಆಮೇಲೆ ಬಂದವರಿಗೆ ಉಳಿದದ್ದು ಬಾಗಿಲ ಬದಿ. ಬಾಗಿಲಿನ ಕದ ಚೌಕಟ್ಟಿಗೆ ಪೂರ್ತಿ ಕೂಡುತ್ತಿರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಕನೆಕ್ಟಿಕಟ್‌ನಿಂದ ಬಂದು ನೆಲೆಸಿದ ಪ್ರೆಸ್ಟನ್ ಹೇಗ್ ಇನ್ನೂ ಬಾಗಿಲ ಬದಿಯಲ್ಲೇ ಇದ್ದ. ನಮ್ಮಲ್ಲಿ ಹದಿನಾಲ್ಕು ವರ್ಷವೆಂದರೆ ನಿನ್ನೆ ಮೊನ್ನೆ.

ಪ್ರೆಸ್ಟನ್ ಕೆಟ್ಟ ಮನುಷ್ಯನಲ್ಲ. ಜೀವನವಿಡೀ ವಿಮಾ ಕಂಪನಿಯಲ್ಲಿ ನಷ್ಟಗಳ ಕಾರಣ ವಿಚಾರಿಸಿದವನಾದ್ದರಿಂದ, ಪ್ರಶ್ನೆಯೊಂದು ಉತ್ತರವಿಲ್ಲದೆ ಬಿದ್ದಿರುವುದನ್ನು ಕಂಡರೆ ಅವನಿಗೆ ಹಲ್ಲುಸಂದಿಯಲ್ಲಿ ನಾರು ಸಿಕ್ಕಿದಂತಾಗುತ್ತಿತ್ತು. ಅಂದು ವೆಂಡಲ್ ಕಾಬ್ ತನ್ನ ಭಾಷಣದಲ್ಲಿ, ಟಾರ್ಬೆಲ್ ಊರಿಗೆ ಈ ಸೊಪ್ಪಿನ ಗಾಳಿಯೂ ಸೋಕಿಲ್ಲ, ಆದ್ದರಿಂದ ನಮ್ಮ ಸಲಹೆ ನಿಷ್ಪಕ್ಷಪಾತವಾಗಿರುತ್ತದೆ ಎಂದುಬಿಟ್ಟ. ಒಲೆಯ ಬದಿಯಲ್ಲಿ ಹಲವರಿಗೆ ಒಟ್ಟಿಗೆ ಕೆಮ್ಮು ಬಂತು. ಪ್ರೆಸ್ಟನ್ ಎದ್ದು ನಿಂತ.

"ಅಧ್ಯಕ್ಷಮ್ಮ, ಸೋಕಿದೆಯೋ ಇಲ್ವೋ ಅಂತ ನಾವ್ಯಾಕೆ ಊಹೆ ಮಾಡ್ಬೇಕು? ನಮ್ಮ ಪೇದೆ ಇಲ್ಲೇ ಕೂತಿದಾರಲ್ಲ, ಅವರನ್ನೇ ಕೇಳೋಣ. ಈ ಊರಲ್ಲಿ ಯಾರಾದ್ರೂ ಗಾಂಜಾ ಬೆಳೀತಿದಾರಾ?"

ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಊರಿನ ಅಧಿಕಾರಿ ಉತ್ತರಿಸಲೇಬೇಕು. ಇದೂ ನಮ್ಮ ಕಟ್ಟಳೆಯೇ. ಹೆಣೆಯುತ್ತಿದ್ದ ಕಡ್ಡಿಗಳೆಲ್ಲ ಒಮ್ಮೆಲೇ ನಿಂತವು. ರಾಯ್ಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಮೇಲೆದ್ದ. ಅವನು ಇನ್ನೂ ಬಾಯಿ ತೆರೆದಿರಲಿಲ್ಲ, ಕಿವಿಗಳು ಆಗಲೇ ಕೆಲಸ ಪ್ರಾರಂಭಿಸಿದ್ದವು.

ಎಲ್ವಿರಾ ಸುತ್ತಿಗೆ ಬಡಿದಳು. ಮುಂದಿರುವ ವಿಷಯ ಅಭಿಪ್ರಾಯದ್ದೇ ಹೊರತು ಬೇಸಾಯದ್ದಲ್ಲ, ಪ್ರಶ್ನೆ ವಿಷಯದಿಂದ ಹೊರಗಿದೆ ಎಂದಳು. ಪ್ರೆಸ್ಟನ್ ನಿಯಮಗಳನ್ನು ಓದಿಕೊಂಡು ಬಂದಿದ್ದ. ಹಾಗಾದರೆ ವಿಷಯವನ್ನೇ ಸ್ವಲ್ಪ ಹಿಗ್ಗಿಸೋಣವೆಂದು ತಿದ್ದುಪಡಿ ಮಂಡಿಸಿದ: ಮತಕ್ಕೆ ಮೊದಲು ಪೇದೆ ಊರಿನ ಯಾವುದಾದರೊಂದು ಕೊಟ್ಟಿಗೆಯನ್ನೋ ಆಲೆಮನೆಯನ್ನೋ ಪರೀಕ್ಷಿಸಿ ವರದಿ ಒಪ್ಪಿಸತಕ್ಕದ್ದು. ಎಲ್ವಿರಾ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

"ಪ್ರೆಸ್ಟನ್ ಅವರೇ, ಮೂಲ ವಿಷಯ ಬರೀ ಸಲಹೆ. ಸಲಹೆಗೆ ಹೊಲಿದ ತೇಪೆ ಆಜ್ಞೆ ಆಗೋಕಾಗಲ್ಲ. ಬೇಕಾದ್ರೆ ಪೇದೆಗೆ, ನೋಡಪ್ಪಾ ಅಂತ ಸಲಹೆ ಕೊಡ್ಬಹುದು."

"ಸಲಹೆ ಕೊಟ್ರೂ ಸಾಕು. ರಾಯ್ಸ್ ಮರ್ಯಾದಸ್ತರು, ನೋಡ್ತಾರೆ," ಎಂದ ಪ್ರೆಸ್ಟನ್.

ಆ ಕ್ಷಣದಲ್ಲಿ ಅಡುಗೆಕೋಣೆಯಿಂದ ಹುರುಳಿಕಾಯಿಯ ಪಲ್ಯದ್ದೋ ಬೇಯಿಸಿದ ಹಂದಿಮಾಂಸದ್ದೋ ಪರಿಮಳ ತೇಲಿಬಂತು. ಮಧ್ಯಾಹ್ನದೂಟಕ್ಕೆ ಮುಂಚಿನ ಗಳಿಗೆಯಲ್ಲಿ ನಮ್ಮ ಸಭೆ ಏನನ್ನು ಬೇಕಾದರೂ ಅಂಗೀಕರಿಸುತ್ತದೆ. ಹಿಂದೊಮ್ಮೆ ಹೀಗೆಯೇ ಒಂದು ಅಗ್ನಿಶಾಮಕ ವಾಹನ ಕೊಂಡದ್ದುಂಟು. ತಿದ್ದುಪಡಿ ಬಾಯಿಮಾತಿನ ಮತದಲ್ಲೇ ಗೆದ್ದಿತು. ಯಾವ ಕಟ್ಟಡವೆಂದು ಕೇಳಿದಾಗ ಪ್ರೆಸ್ಟನ್ ಕಿಟಕಿಯಾಚೆ ಬೆರಳು ತೋರಿಸಿದ. ರಸ್ತೆಯ ಆ ಬದಿಯಲ್ಲಿ, ಛಾವಣಿಯಿಂದ ಬಿಳಿಯ ಹಬೆ ಉಗುಳುತ್ತ ನಿಂತಿತ್ತು ಆರ್ಫಾಳ ಆಲೆಮನೆ. ಅದನ್ನು ಅವನು ಆರಿಸಿದ್ದು ಹತ್ತಿರವಿದೆಯೆಂಬ ಒಂದೇ ಕಾರಣಕ್ಕೆ. ಊರಿಗೆಲ್ಲ ಗೊತ್ತಿದ್ದ ವಿಷಯ ಬಾಗಿಲ ಬದಿಯವರೆಗೆ ಇನ್ನೂ ತಲುಪಿರಲಿಲ್ಲ.

ಆರ್ಫಾ ಶಾಲು ಹೊದ್ದು ಎದ್ದಳು. "ಬನ್ನಿ, ಎಲ್ಲಾರೂ ಬನ್ನಿ. ರಸ ಚೆನ್ನಾಗಿ ಇಳೀತಿದೆ ಇವತ್ತು. ಹಿಮದ ಮೇಲೆ ಪಾಕ ಹುಯ್ದು ಕೊಡ್ತೀನಿ, ಉಪ್ಪಿನಲ್ಲಿ ಹಾಕಿದ ಸೌತೇಕಾಯೂ ಇದೆ." ಮಾತು ಧೈರ್ಯದ್ದಾಗಿತ್ತು, ಶಾಲಿನ ಪಿನ್ನು ಮಾತ್ರ ಎಷ್ಟು ಚುಚ್ಚಿದರೂ ಕೂರಲಿಲ್ಲ.

ಅರ್ಧ ಊರು ಅವಳ ಹಿಂದೆ ರಸ್ತೆ ದಾಟಿತು. ಒಳಗೆ ಅಗಲವಾದ ಕೊಪ್ಪರಿಗೆಯಲ್ಲಿ ಮೇಪಲ್ ರಸ ಕೊತಕೊತ ಕುದಿಯುತ್ತಿತ್ತು. ಆಲೆಮನೆಯ ನೆತ್ತಿಯಲ್ಲಿ ಹಬೆ ಹೊರಹೋಗಲೆಂದೇ ಎರಡು ಕದಗಳಿರುತ್ತವೆ. ಅವನ್ನು ತೆರೆದು ಹಿಡಿಯುವ ಹಗ್ಗ ಬಾಗಿಲ ಪಕ್ಕದ ಗೂಟಕ್ಕೆ ಕಟ್ಟಿರುತ್ತದೆ. ಹಗ್ಗ ಬಿಚ್ಚಿದರೆ ಕದಗಳು ಮುಚ್ಚುತ್ತವೆ. ಕದ ಮುಚ್ಚಿದರೆ ಹಬೆಯೆಲ್ಲ ಒಳಗೇ ಉಳಿಯುತ್ತದೆ. ಇದು ನಮ್ಮ ಕಡೆ ಹಾಲು ಹಲ್ಲಿನ ಮಕ್ಕಳಿಗೂ ಗೊತ್ತು, ಕನೆಕ್ಟಿಕಟ್‌ನವರಿಗೆ ಗೊತ್ತಿಲ್ಲ.

ರಾಯ್ಸ್ ಗಲ್ಲಿಗೇರುವವನಂತೆ ಒಳಗೆ ಕಾಲಿಟ್ಟ. ಪ್ರೆಸ್ಟನ್ ಅವನ ಬೆನ್ನಿಗೇ ಇದ್ದ. ಇಬ್ಬರೂ ಒತ್ತುಕೋಣೆಯ ಕಡೆಗೆ ಎರಡು ಹೆಜ್ಜೆ ಇಟ್ಟಿರಬೇಕು, ನೆತ್ತಿಯಲ್ಲಿ ಧಡ್ ಎಂದು ಕದಗಳು ಬಿದ್ದವು. ಮರುಗಳಿಗೆ ಆಲೆಮನೆಯೊಳಗೆ ಗೋಡೆಗಳಿರಲಿಲ್ಲ, ಜನರಿರಲಿಲ್ಲ, ಸಿಹಿಯಾದ ಬಿಳುಪೊಂದೇ ಇತ್ತು. ಯಾರೋ ಯಾರದೋ ಕಾಲು ತುಳಿದರು. ಯಾರೋ ಕ್ಷಮೆ ಕೇಳಿದ್ದು ಒಂದು ಕಂಬವನ್ನೆಂದು ಆಮೇಲೆ ತಿಳಿಯಿತು. ಬಿಳುಪಿನ ನಡುವಿನಿಂದ ಪ್ರೆಸ್ಟನ್‌ನ ಧ್ವನಿ ಬಂತು.

"ರಾಯ್ಸ್, ನಿಮಗೇನಾದ್ರೂ ಕಾಣ್ತಿದೆಯಾ?"

"ನಿಮ್ಮ ಪ್ರಶ್ನೆ ಬಿಟ್ರೆ ಏನೂ ಇಲ್ಲ."

"ನನ್ನ ಕೆನ್ನೆಗೆ ಎಲೆ ಥರ ಏನೋ ತಾಗ್ತಾ ಇದೆ."

"ನನ್ನ ಟೊಮೇಟೊ ಸಸಿಗಳು ಕಣ್ರೀ," ಎಂದಿತು ಆರ್ಫಾಳ ಧ್ವನಿ. "ಮೊಳಕೆ ಎಳೇದು, ಚಿವುಟಬೇಡಿ. ಎಡಕ್ಕೆ ತಿರುಗಿ. ಇನ್ನೂ ಎಡಕ್ಕೆ. ಹಾಂ, ಬಾಗಿಲು ಅಲ್ಲೇ ಇದೆ."

ಹಗ್ಗ ಬಿಚ್ಚಿದವರಾರೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನಾನು ನಿಂತದ್ದು ಗೂಟದ ಸಮೀಪ ಎಂಬುದು ನಿಜ. ಹಬೆ ಮುಚ್ಚಿಕೊಳ್ಳುವ ಮುನ್ನ ಗೂಟದ ಮೇಲೆ ಒಂದು ಕೆಂಪು ಕೈಗವಸು ಕಂಡದ್ದೂ ನಿಜ. ಆದರೆ ನಮ್ಮ ಅಧ್ಯಕ್ಷೆಗೆ ಯಾವ ವಿಷಯದಲ್ಲೂ ಅಭಿಪ್ರಾಯವಿಲ್ಲ.

ಊಟ ಮುಗಿಸಿ, ಹಿಮದ ಮೇಲಿನ ಪಾಕ ಅಂಟಿದ ಬೆರಳುಗಳನ್ನು ನೆಕ್ಕಿಕೊಳ್ಳುತ್ತ ಜನ ಮತ್ತೆ ಸೇರಿದರು. ರಾಯ್ಸ್ ವರದಿ ಒಪ್ಪಿಸಿದ. ತಾನು ಹೋದದ್ದು ನಿಜ, ಕಣ್ಣು ಬಿಟ್ಟುಕೊಂಡೇ ನೋಡಿದ್ದು ನಿಜ, ತನ್ನ ಕೈಯೇ ತನಗೆ ಕಾಣಲಿಲ್ಲವೆಂಬುದೂ ನಿಜ ಎಂದ. ಕಿವಿಗಳು ತಣ್ಣಗಿದ್ದವು. ಸಭೆ ಚಪ್ಪಾಳೆ ತಟ್ಟಿತು. ವಿಷಯ ಅಲ್ಲಿಗೆ ಮುಗಿಯಿತೆಂದು ಆರ್ಫಾ ಉಸಿರು ಬಿಟ್ಟಳು.

ಪ್ರೆಸ್ಟನ್ ಮತ್ತೆ ಎದ್ದ. ಅವನ ಕನ್ನಡಕದ ಮೇಲೆ ಒಣಗಿದ ಹಬೆಯ ಸಿಹಿ ಪೊರೆ ಇತ್ತು. "ಪೇದೆ ಹೇಳಿದ್ದು ಅಕ್ಷರಶಃ ಸತ್ಯ, ನಾನೇ ಸಾಕ್ಷಿ. ಹಾಗಂತ ಪ್ರಶ್ನೆ ಮುಗೀಲಿಲ್ಲ, ಅಧ್ಯಕ್ಷಮ್ಮ. ಬೆಳಿಗ್ಗೆ ಅದು ವಿಷಯದ ಹೊರಗಿತ್ತು. ಈಗ ತಿದ್ದುಪಡಿ ಆಗಿ ಒಳಗೆ ಬಂದಿದೆ. ಇವತ್ತಿನ ಮಾತು ಬಿಡಿ, ರಾಯ್ಸ್. ಇಲ್ಲೀವರೆಗೆ ನಿಮಗೆ ಏನು ಗೊತ್ತು, ಅಷ್ಟು ಹೇಳಿ."

ಎಲ್ವಿರಾ ನಿಯಮಗಳನ್ನು ತಿರುವಿದಳು. ತಿರುವಿದಷ್ಟೂ ಪ್ರೆಸ್ಟನ್ ಹೇಳಿದ್ದೇ ಸರಿಯಾಗಿತ್ತು. ತಾನೇ ಕೊಟ್ಟ ತೀರ್ಪು ಈಗ ತನ್ನ ಕೈಯನ್ನೇ ಕಟ್ಟಿಹಾಕಿತ್ತು. ಅವಳು ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, ಪೇದೆ ಉತ್ತರಿಸಬೇಕು ಎಂದಳು. ಎಂದೂ ಅಷ್ಟು ಮೆಲ್ಲಗೆ ಮಾತಾಡಿದವಳಲ್ಲ.

ರಾಯ್ಸ್ ಎದ್ದ. ಮೊದಲು ಆರ್ಫಾಳನ್ನು ನೋಡಿದ, ಆಮೇಲೆ ನೆಲವನ್ನು. ಅವನು ಸತ್ಯವನ್ನೇ ಹೇಳಲಿದ್ದಾನೆಂಬುದು ಅವನ ಬಿಳಿಚಿದ ಕಿವಿಗಳನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಅವನ ತುಟಿ ಬಿಚ್ಚುವಷ್ಟರಲ್ಲಿ ಒಲೆಯ ಪಕ್ಕದಿಂದ ಒಂದು ಕೈ ಮೇಲೆದ್ದಿತು. ಎತ್ತಿದ ಕೈ ನಡುಗುತ್ತಿತ್ತು. ಮಾರ್ಜರಿ ಲಾಮ್ಸನ್ ಈ ಸಭೆಗಳಲ್ಲಿ ಕಾಲುಚೀಲ ಹೆಣೆದದ್ದನ್ನು ಬಿಟ್ಟು ಬೇರೇನೂ ಮಾಡಿದವಳಲ್ಲ.

"ಚರ್ಚೆ ಸಾಕು, ಅಧ್ಯಕ್ಷಮ್ಮ. ಮತಕ್ಕೆ ಹಾಕಿ."

ಚರ್ಚೆ ಮುಚ್ಚಬೇಕೆಂಬ ಸೂಚನೆ ಬಂದರೆ ಉಳಿದೆಲ್ಲ ಮಾತೂ ಅದರ ಹಿಂದೆ ನಿಲ್ಲಬೇಕು. ಸಭೆಯ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಮುಂದೆ ಯಾರೂ ಯಾರನ್ನೂ ಏನೂ ಕೇಳುವಂತಿಲ್ಲ. ಎಲ್ವಿರಾಳ ಕೆಂಪು ಕೈಗೆ ಸುತ್ತಿಗೆ ತಾನಾಗಿ ಹಾರಿಬಂದಂತೆ ಕಂಡಿತು. ಇಬ್ಭಾಗದ ಮತ, ಎಂದು ಘೋಷಿಸಿದಳು. ಎಂದರೆ ಕೈಯೆತ್ತುವುದಿಲ್ಲ, ಕೂಗುವುದಿಲ್ಲ. ಎದ್ದು ನಡೆದು ಒಂದೊಂದು ಬದಿಗೆ ಸೇರುವುದು. ಚರ್ಚೆ ಮುಚ್ಚಬೇಕೆನ್ನುವವರು ಒಲೆಯ ಬದಿಗೆ, ಮುಂದುವರಿಯಲೆನ್ನುವವರು ಬಾಗಿಲ ಬದಿಗೆ.

ಬೆಳಗಿನಿಂದ ಬಾಗಿಲ ಬದಿಯಲ್ಲಿ ನಡುಗುತ್ತಿದ್ದವರು ಇಂಥದೊಂದು ಅವಕಾಶಕ್ಕೆ ಎಷ್ಟು ವರ್ಷಗಳಿಂದ ಕಾದಿದ್ದರೋ ತಿಳಿಯದು. ಕುರ್ಚಿಗಳು ಉರುಳಿದವು. ಹಳೆಯ ಮನೆತನಗಳು ಅಜ್ಜನ ಕಾಲದ ಕುರ್ಚಿಯನ್ನು ಬಿಡಲೊಲ್ಲದೆ ಕೂತಲ್ಲೇ ಕೂತವು, ಹೊಸಬರು ಅವರ ಮಂಡಿಗೆ ಮಂಡಿ ತಾಗಿಸಿ ನಿಂತರು. ಬಾಗಿಲ ಬದಿಯಲ್ಲಿ ಉಳಿದವನು ಪ್ರೆಸ್ಟನ್ ಒಬ್ಬ. ಚರ್ಚೆ ಮುಚ್ಚಿತು. ರಾಯ್ಸ್ ಕುಳಿತ.

"ಒಲೆಗೆ ಮತದ ಹಕ್ಕಿಲ್ಲ ಅಂತ ನಡಾವಳೀಲಿ ಬರ್ಕೊಳ್ಳಿ," ಎಂದು ಪ್ರೆಸ್ಟನ್ ನನಗೆ ಹೇಳಿದ. ಬರೆದುಕೊಂಡೆ. ಮುಖ್ಯ ವಿಷಯಕ್ಕಾದರೂ ಚೀಟಿಯ ಮತ ಬೇಕೆಂದ. ಅದಕ್ಕೆ ಏಳು ಜನ ಕೈಯೆತ್ತಬೇಕು. ಒಲೆಯತ್ತ ಚಾಚಿದ ಕೈಗಳನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ಎಲ್ವಿರಾ ತನ್ನ ನಿಷ್ಪಕ್ಷಪಾತತೆಗೆ ಸ್ವಲ್ಪ ತೇಪೆ ಹಾಕಬೇಕೆಂದು ತೀರ್ಮಾನಿಸಿದಳೆಂದು ಕಾಣುತ್ತದೆ. ಒಮ್ಮೆ ಒಂದು ಪಕ್ಷಕ್ಕೆ ಒಲೆಯ ಬದಿ ಕೊಟ್ಟ ಮೇಲೆ ಇನ್ನೊಮ್ಮೆ ಇನ್ನೊಂದಕ್ಕೆ ಕೊಡುವುದೇ ನ್ಯಾಯ ಎಂದಳು. ಗಾಂಜಾದ ಬಗ್ಗೆ ರಾಜ್ಯವ್ಯಾಪಿ ಸಲಹಾಮತ ಆಗಲಿ ಎನ್ನುವವರು ಈ ಸಲ ಬಾಗಿಲ ಬದಿಗೆ. ಬೇಡ ಎನ್ನುವವರು ಒಲೆಯ ಬದಿಗೆ.

ಯಾರೂ ಅಲ್ಲಾಡಲಿಲ್ಲ.

ಆರ್ಫಾಳ ಹಾಳೆಗೆ ಸಹಿ ಹಾಕಿದ್ದ ಅರ್ಧ ಊರು ಅಲ್ಲಿತ್ತು. ಅವಳ ಡಬ್ಬಿಯಿಂದ ಸೊಂಟ ನೇರ ಮಾಡಿಕೊಂಡವರಿದ್ದರು, ನಿದ್ದೆ ಕಂಡವರಿದ್ದರು. ಅವರೆಲ್ಲ ಒಲೆಯ ಬೆಂಕಿಯನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ವೆಂಡಲ್ ಕಾಬ್ ಒಲೆಗೆ ಎಲ್ಲರಿಗಿಂತ ಹತ್ತಿರವಿದ್ದ. ಆರ್ಫಾ ತನ್ನ ಜನರ ಮುಖಗಳನ್ನು ಒಂದೊಂದಾಗಿ ನೋಡಿ, ಕುರ್ಚಿಯ ಮೇಲಿನ ಕಂಬಳಿಯನ್ನು ಎಳೆದುಕೊಂಡು, ಖಾಲಿ ನೆಲವನ್ನು ದಾಟಿ ಬಾಗಿಲ ಬದಿಗೆ ನಡೆದಳು. ಪ್ರೆಸ್ಟನ್ ಅಲ್ಲೇ ನಿಂತಿದ್ದ.

"ನೀವು ತಪ್ಪು ಬದೀಲಿದೀರಿ ಸ್ವಾಮಿ," ಎಂದಳು. "ಇದು ಬೇಕು ಅನ್ನೋರ ಜಾಗ."

"ಗೊತ್ತು. ನಾನು ಯಾವತ್ತು ಬೇಡ ಅಂದೆ? ಕಾನೂನು ಆಗ್ಬೇಕು, ಎಲ್ಲಾ ಬೆಳಕಲ್ಲಿ ನಡೀಬೇಕು ಅನ್ನೋನೇ ನಾನು. ನನಗೆ ಬೇಕಾಗಿದ್ದಿದ್ದು ಉತ್ತರ, ಅಷ್ಟೇ."

ಆರ್ಫಾ ಕಂಬಳಿಯ ಒಂದು ಅಂಚನ್ನು ಅವನ ಹೆಗಲಿಗೆ ಹಾಕಿದಳು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ರಾಯ್ಸ್ ಎದ್ದು ನಿಂತ. ಅವನನ್ನು ಈಗ ಯಾರೂ ಏನನ್ನೂ ಕೇಳಿರಲಿಲ್ಲ. ಕೇಳುವ ಹಕ್ಕೂ ಯಾರಿಗೂ ಇರಲಿಲ್ಲ. ಒಲೆಯ ಶಾಖದಲ್ಲಿ ಸುಮ್ಮನೆ ಕುಳಿತಿದ್ದರೆ ಅವನ ಪಾಡಿಗೆ ಅವನು ಕ್ಷೇಮವಾಗಿರುತ್ತಿದ್ದ. ಭವನದ ನಡುವೆ ಕುರ್ಚಿಗಳು ಉರುಳಿ ಬಿದ್ದಿದ್ದವು. ಗೋಡೆಯ ಗುಂಟ ಬಳಸಿ ಹೋಗುವುದೇ ಸುಲಭವಾಗಿತ್ತು. ರಾಯ್ಸ್ ಬಳಸಲಿಲ್ಲ. ಹೆಂಡತಿಯ ತೋಳು ಹಿಡಿದು ಎಬ್ಬಿಸಿ, ಕುರ್ಚಿಗಳನ್ನು ಕಾಲಿನಿಂದ ಸರಿಸುತ್ತ, ಇಡೀ ಊರು ನೋಡುತ್ತಿರುವಂತೆ ನೆಟ್ಟಗೆ ನಡೆದು ಆರ್ಫಾಳ ಪಕ್ಕದಲ್ಲಿ ನಿಂತ. ಮಾರ್ಜರಿ ತನ್ನ ನಡುಗುವ ಕೈಯನ್ನು ಆರ್ಫಾಳ ಕೈಯೊಳಗೆ ಇಟ್ಟಳು.

ಪ್ರೆಸ್ಟನ್ ಆ ಕೈಗಳನ್ನು ನೋಡಿದ, ರಾಯ್ಸ್‌ನನ್ನು ನೋಡಿದ, ಕಿಟಕಿಯಾಚೆಯ ಆಲೆಮನೆಯನ್ನು ನೋಡಿದ. ಕೆನ್ನೆಯ ಮೇಲೆ ಎಲೆ ತಾಗಿದ ಜಾಗವನ್ನು ಮೆಲ್ಲಗೆ ಮುಟ್ಟಿಕೊಂಡ. ಅವನ ಬಾಯಿ ತೆರೆಯಿತು.

"ಚರ್ಚೆ ಮುಗಿದಿದೆ," ಎಂದಳು ಆರ್ಫಾ.

ಅವನ ಬಾಯಿ ಮುಚ್ಚಿತು.

ಬಾಗಿಲ ಬದಿಯಲ್ಲಿ ನಾಲ್ವರು, ಒಲೆಯ ಬದಿಯಲ್ಲಿ ಉಳಿದ ಊರೆಲ್ಲ. ಸಲಹಾಮತ ಬೇಡವೆಂದು ಟಾರ್ಬೆಲ್ ಊರು ಸಲಹೆ ಕೊಟ್ಟಿತು. ವೆಂಡಲ್ ಕಾಬ್ ಅದನ್ನು ಗೌರವದಿಂದ ಸ್ವೀಕರಿಸಿ, ರಾಜಧಾನಿಯಲ್ಲಿ ಬೇಕು ಎಂದೇ ಕೈಯೆತ್ತಿದನಂತೆ. ಅಲ್ಲಿ ಪ್ರಸ್ತಾವ ಯಾವುದೋ ಸಮಿತಿಯ ಕಪಾಟಿನಲ್ಲಿ ಚಳಿಗಾಲ ಕಳೆದು ಅಲ್ಲೇ ಉಳಿಯಿತು.

ಬಾಗಿಲ ಗಾಳಿ ಮಾತ್ರ ತನ್ನ ಕೆಲಸವನ್ನು ಪೂರ್ತಿ ಮಾಡಿತು. ಪ್ರೆಸ್ಟನ್‌ನ ಸೊಂಟ ಹಿಡಿದುಕೊಂಡು, ಅವನು ಬೂಟಿನ ದಾರ ಕಟ್ಟಲಾರದ ಸ್ಥಿತಿಗೆ ಬಂದ. ಆ ಶನಿವಾರ ಅವನ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ತಗಡಿನ ಡಬ್ಬಿ ಇತ್ತು. ಅದನ್ನು ಹಿಡಿದುಕೊಂಡು ಅವನು ಒಂದು ಬದಿಗೆ ವಾಲುತ್ತ ಆಲೆಮನೆಯ ಬಾಗಿಲಿಗೆ ಬಂದ. ಆಗ ನಾನು ಪಾಕ ಕೊಳ್ಳಲು ಅಲ್ಲಿಗೆ ಹೋಗಿದ್ದೆ.

"ಆರ್ಫಾ, ಇದರಲ್ಲಿ ಏನಿದೆ?"

ಆರ್ಫಾ ಕೊಪ್ಪರಿಗೆಯಿಂದ ಕಣ್ಣೆತ್ತಲಿಲ್ಲ. "ಕೇಳ್ಬೇಡಿ ಅನ್ನೋದು ನನ್ನ ಸಲಹೆ. ಪಾಲಿಸ್ಲೇಬೇಕು ಅಂತೇನಿಲ್ಲ."

ಪ್ರೆಸ್ಟನ್ ಡಬ್ಬಿಯ ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು, ಮತ್ತೆ ಹಿಂದಕ್ಕೆ ತೆಗೆದ. ಹಲ್ಲುಸಂದಿಯ ನಾರಿನೊಂದಿಗೆ ಅವನು ಹೋರಾಡುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಡಬ್ಬಿಯನ್ನು ಕೋಟಿನ ಜೇಬಿಗೆ ಇಳಿಸಿ, ಹ್ಯಾಟು ಸರಿಪಡಿಸಿಕೊಂಡು ಹೊರಟ. ಅವನ ಮನೆಗೆ ನೇರ ದಾರಿಯಿದ್ದುದು ಪಶ್ಚಿಮದ ಗೋಡೆಯ ಪಕ್ಕದಿಂದ. ಅವನು ಅತ್ತ ಒಂದು ಹೆಜ್ಜೆ ಇಟ್ಟು, ಕಿಟಕಿ ಕಾಣುವ ಮುನ್ನವೇ ನಿಂತು, ಸೊಂಟ ಹಿಡಿದುಕೊಂಡು ನಿಧಾನವಾಗಿ ತಿರುಗಿ, ಸ್ಮಶಾನದ ಕಡೆಯ ಗುಡ್ಡ ಹತ್ತತೊಡಗಿದ.